ನೋವಿಲ್ಲವೆಂದ ಬೌಲರ್

ಕೂತುಕೊಳ್ಳಿ, ಕೂತುಕೊಳ್ಳಿ. ಹಿಂದೆ ನಿಂತವರು ಮುಂದೆ ಬನ್ನಿ, ಇಲ್ಲಿ ಬೇಕಾದಷ್ಟು ಜಾಗ ಇದೆ. ಎಲ್ಲರೂ ಫ್ಯಾನಿನ ಕೆಳಗೇ ಕೂತರೆ ಈ ಜಮಖಾನ ಯಾರಿಗೆಂದು ಹಾಸಿದ್ದು?

ನಾಲ್ಕು ದಿನಗಳಿಂದ ನಾವು ದಯೆಯ ಬಗ್ಗೆ ಮಾತಾಡುತ್ತಿದ್ದೇವೆ. ನಿನ್ನೆ ಪ್ರವಚನ ಮುಗಿದ ಮೇಲೆ ಹಿರಿಯರೊಬ್ಬರು ಬಂದರು. ನಾನು ಯಾರಿಗೂ ಕೆಟ್ಟದ್ದು ಮಾಡಿಲ್ಲ, ಕೈಲಾದಷ್ಟು ಸಹಾಯ ಮಾಡಿದ್ದೇನೆ, ಅಕ್ಕಾ, ಈ ಮಾತೆಲ್ಲ ನನ್ನಂಥವನಿಗೂ ಬೇಕೇ ಎಂದು ಕೇಳಿದರು. ಅಹಂಕಾರದಿಂದ ಕೇಳಿದ್ದಲ್ಲ. ಒಳ್ಳೆಯವರು, ನಿಜವಾಗಿಯೂ ಒಳ್ಳೆಯವರು. ನಾಳೆ ಬನ್ನಿ, ಒಂದು ಕಥೆ ಹೇಳುತ್ತೇನೆ ಎಂದೆ. ಬಂದಿದ್ದಾರೆ. ತಿರುಗಿ ನೋಡಬೇಡಿ, ಯಾರು ಅಂತ ಹೇಳುವುದಿಲ್ಲ.

ಕೆಟ್ಟವನ ಕಥೆ ಹೇಳುವುದು ಸುಲಭ, ಕೇಳುವುದು ಇನ್ನೂ ಸುಲಭ. ಪಕ್ಕದ ಮನೆಯವನ ಕಥೆ ಎಂದುಕೊಂಡು ಸೆರಗು ಕೊಡವಿ ಎದ್ದು ಹೋಗಬಹುದು. ಇವತ್ತು ಒಳ್ಳೆಯವನೊಬ್ಬನ ಕಥೆ ಕೇಳಿ. ಇದರೊಳಗೆ ಕ್ರಿಕೆಟ್ ಬರುತ್ತದೆ. ನೋಡಿ, ನೋಡಿ, ಗಂಡಸರೆಲ್ಲ ಈಗ ಹೇಗೆ ನೆಟ್ಟಗೆ ಕೂತರು! ತಾಯಂದಿರು ಹೆದರಬೇಡಿ. ನನಗೂ ಆ ಆಟ ಅಷ್ಟಕ್ಕಷ್ಟೇ. ಒಬ್ಬ ಓಡಿ ಬಂದು ಚೆಂಡು ಎಸೆಯುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ, ಇಷ್ಟು ತಿಳಿದರೆ ಸಾಕು.

ಹತ್ತಿ ಬೆಳೆಯುವ ಸೀಮೆ. ಅಲ್ಲೊಂದು ಪೇಟೆ ಊರು. ಆ ಊರಿನಲ್ಲಿ ಒಬ್ಬ ಸಾವುಕಾರ. ಮಹಾಂತಪ್ಪ ಎಂದು ಹೆಸರಿಡೋಣ. ಹುಟ್ಟುತ್ತಲೇ ಸಾವುಕಾರನಲ್ಲ. ಹತ್ತಿ ಗಿರಣಿಗಳಲ್ಲಿ ಕೆಟ್ಟು ಮೂಲೆಗೆ ಬಿದ್ದ ಯಂತ್ರಗಳನ್ನು ಗುಜರಿಯ ಬೆಲೆಗೆ ಕೊಂಡು, ತಂದು, ಬಿಚ್ಚಿ, ಎಣ್ಣೆ ಹಾಕಿ, ಸವೆದ ಭಾಗ ಬದಲಾಯಿಸಿ ಮತ್ತೆ ಓಡುವಂತೆ ಮಾಡಿ ಮಾರುತ್ತಿದ್ದ. ಬೇರೆಯವರು ಕಬ್ಬಿಣವೆಂದು ಬಿಟ್ಟುಹೋದದ್ದು ಅವನ ಕಣ್ಣಿಗೆ ಯಂತ್ರವಾಗಿಯೇ ಕಾಣುತ್ತಿತ್ತು. ಹಾಗೆ ಬೆಳೆದ, ತನ್ನದೇ ಗಿರಣಿ ಹಾಕಿದ, ಮನೆ ಕಟ್ಟಿಸಿದ. ಅದರಲ್ಲಿ ತಪ್ಪೇನು? ಏನೂ ಇಲ್ಲ. ಅದೊಂದು ದೊಡ್ಡ ಗುಣವೇ.

ಆ ಸೀಮೆಯ ಊರೂರಿಗೆ ಒಂದೊಂದು ಕ್ರಿಕೆಟ್ ತಂಡ. ಸುಗ್ಗಿ ಮುಗಿದ ಮೇಲೆ ಅವುಗಳ ನಡುವೆ ಪಂದ್ಯಗಳ ಲೀಗ್. ತಂಡಗಳನ್ನು ಸಾಕುವವರು ಆಯಾ ಊರಿನ ವರ್ತಕರು. ಹೆಸರು ಮಾಡಿದ ಆಟಗಾರರನ್ನು ಹೊರಗಿನಿಂದ ಕರೆಸುತ್ತಾರೆ, ಅದಕ್ಕೆ ಪೈಪೋಟಿ. ಮಹಾಂತಪ್ಪನೂ ಒಂದು ತಂಡ ಕಟ್ಟಿದ. ಆದರೆ ಹೆಸರಾಂತವರ ಹಿಂದೆ ಓಡಲಿಲ್ಲ. ಅವನ ತಂಡದ ಕೋಚ್ ವಿನ್ಸೆಂಟ್ ಎಂಬವರು ಒಮ್ಮೆ ಮಾತಿನ ನಡುವೆ ಒಬ್ಬ ವೇಗದ ಬೌಲರನ ವಿಷಯ ಹೇಳಿದರು. ಬೆನ್ನುನೋವು ಬಂದು ಎಲ್ಲ ತಂಡಗಳೂ ಅವನನ್ನು ಕೈಬಿಟ್ಟಿದ್ದವು. ಮನೆಯಲ್ಲಿ ಸುಮ್ಮನೆ ಕೂತಿದ್ದ. ಮಹಾಂತಪ್ಪ ಅವನನ್ನು ಬಹಳ ಕಡಿಮೆ ಸಂಬಳಕ್ಕೆ ಒಪ್ಪಿಸಿ ಕರೆತಂದ. ಡಾಕ್ಟರಿಗೆ ತೋರಿಸಿದ, ವ್ಯಾಯಾಮ ಮಾಡಿಸಿದ, ಮನೆಯ ಊಟ ಹಾಕಿದ. ಮರುವರ್ಷ ಆ ಹುಡುಗ ಬಿರುಗಾಳಿಯಂತೆ ಎಸೆದ. ಕಪ್ ಬಂತು. ಅದರ ಮರುವರ್ಷ ದೊಡ್ಡ ಊರಿನ ದೊಡ್ಡ ತಂಡವೊಂದು ಅವನನ್ನು ದೊಡ್ಡ ಬೆಲೆಗೆ ಒಯ್ದಿತು, ಮಹಾಂತಪ್ಪನಿಗೂ ಒಳ್ಳೆಯ ಪಾಲು ಸಿಕ್ಕಿತು.

ಇನ್ನೇನು ಬೇಕು? ಅಲ್ಲಿಂದ ಅದೇ ದಾರಿಯಾಯಿತು. ಪ್ರತಿ ವರ್ಷ ಪೆಟ್ಟಾದ ಬೌಲರುಗಳನ್ನು ಹುಡುಕುವುದು. ಒಬ್ಬನ ಮೊಣಕಾಲು, ಒಬ್ಬನ ಮೊಣಕೈ, ಒಬ್ಬನ ಭುಜ. ಮೂವರನ್ನು ತಂದರೆ ಒಬ್ಬನಾದರೂ ಎದ್ದು ನಿಲ್ಲುತ್ತಾನೆ, ಅವನೊಬ್ಬ ಎದ್ದರೆ ಉಳಿದಿಬ್ಬರ ಖರ್ಚೂ ಹುಟ್ಟುತ್ತದೆ. ಪತ್ರಿಕೆಯವರು ಬಂದು ಫೋಟೊ ತೆಗೆದರು, ಬಿದ್ದವರನ್ನು ಎತ್ತುವ ಸಾವುಕಾರ ಎಂದು ಬರೆದರು. ಊರಿನವರು ಪುಣ್ಯಾತ್ಮ ಎಂದರು. ಎದ್ದು ನಿಂತವರು ಅವನ ಕಾಲು ಮುಟ್ಟಿ ನಮಸ್ಕರಿಸಿದರು. ಎದ್ದು ನಿಲ್ಲದವರು?

ಎದ್ದು ನಿಲ್ಲದವರಿಗೆ ಅವನು ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಬಸ್ಸಿನ ಖರ್ಚು ಕೊಟ್ಟು ಊರಿಗೆ ಕಳಿಸುತ್ತಿದ್ದ. ನೋಡಿ, ಬೈದು ಕಳಿಸಲಿಲ್ಲ, ಬರಿಗೈಯಲ್ಲಿ ಕಳಿಸಲಿಲ್ಲ. ಗೌರವದಿಂದಲೇ ಕಳಿಸಿದ. ಕಳಿಸಿದ ಮೇಲೆ ಮಾತ್ರ ಅವರ ನೆನಪು ಅವನಿಗೆ ಉಳಿಯುತ್ತಿರಲಿಲ್ಲ.

ಒಂದು ವರ್ಷ ಹೀಗೆ ತಂದ ಮೂವರಲ್ಲಿ ಒಬ್ಬನ ಹೆಸರು ಫಕ್ಕೀರೇಶ. ಎತ್ತರದ ಆಳು, ಮಾತು ಕಡಿಮೆ. ಹಿಂದೆ ಒಳ್ಳೆಯ ಬೌಲರ್ ಎಂದು ಹೆಸರು ಮಾಡಿದ್ದವನು. ಬಲಭುಜದ ಒಳಗೆ ಸ್ನಾಯು ಹರಿದು ಆಪರೇಷನ್ ಆಗಿತ್ತು. ಆಮೇಲೆ ಯಾರೂ ಕರೆಯಲಿಲ್ಲ. ಮಹಾಂತಪ್ಪ ಮತ್ತು ವಿನ್ಸೆಂಟ್ ಹುಡುಕಿಕೊಂಡು ಹೋದಾಗ ಅವನು ಒಂದು ಪೆಟ್ರೋಲ್ ಬಂಕಿನಲ್ಲಿ ಎಡಗೈಯಿಂದ ಪೈಪು ಹಿಡಿದು ಗಾಡಿಗಳಿಗೆ ಎಣ್ಣೆ ಹಾಕುತ್ತಿದ್ದ. ಯಾರು ಬಂದಿದ್ದಾರೆಂದು ತಿಳಿದೊಡನೆ ಪೈಪನ್ನು ಬಲಗೈಗೆ ಬದಲಾಯಿಸಿಕೊಂಡ. ವಿನ್ಸೆಂಟ್ ಅದನ್ನು ಗಮನಿಸಲಿಲ್ಲ. ಮಹಾಂತಪ್ಪ ಗಮನಿಸಿದ. ಗಮನಿಸಿ, ಹುಡುಗನಿಗೆ ಛಲ ಇದೆ ಎಂದುಕೊಂಡ.

ಹತ್ತಿರದ ಶಾಲೆಯ ಬಯಲಿನಲ್ಲಿ ನಾಲ್ಕು ಚೆಂಡು ಎಸೆಸಿ ನೋಡಿದರು. ವೇಗ ಇನ್ನೂ ಇತ್ತು. ಮಹಾಂತಪ್ಪ ಹತ್ತಿರ ಹೋಗಿ ಅವನ ಭುಜದ ಮೇಲೆ ಕೈಯಿಟ್ಟು ಕೇಳಿದ.

"ಬ್ಯಾನಿ ಐತೇನು?"

"ಇಲ್ರಿ ಸಾವಕಾರ್ರ. ಈಗ ಎಲ್ಲಾ ಆರಾಮ ಐತ್ರಿ."

ಬ್ಯಾನಿ ಅಂದರೆ ನೋವು, ಆ ಕಡೆಯ ಮಾತು. ನೋವಿದೆಯಾ ಅಂದ, ಇಲ್ಲ ಅಂದ. ಮಾತು ಅಲ್ಲಿಗೆ ಮುಗಿಯಿತು. ಸಂಬಳ ಕಡಿಮೆ, ಆಡಿದರೆ ಹೆಚ್ಚು ಮಾಡೋಣ ಎಂದು ಮಾತಾಯಿತು. ಫಕ್ಕೀರೇಶ ಅದೇ ಸಂಜೆ ಬ್ಯಾಗು ತುಂಬಿಕೊಂಡು ಹೊರಟ.

ಮಹಾಂತಪ್ಪನ ಮನೆಯ ಹಿತ್ತಲಿನಲ್ಲಿ ಆಟಗಾರರಿಗೆಂದೇ ಎರಡು ಕೋಣೆಗಳಿದ್ದವು. ಅವರ ಊಟ ಮನೆಯಲ್ಲೇ. ಅವನ ಹೆಂಡತಿ ನೀಲವ್ವ ಬಿಸಿ ರೊಟ್ಟಿ, ಪಲ್ಯ, ಮೊಸರು, ಬೆಣ್ಣೆ ಎಲ್ಲವನ್ನೂ ನಿಂತು ಬಡಿಸುತ್ತಿದ್ದಳು. ಬೆಳಿಗ್ಗೆ ಎದ್ದರೆ ಮಹಾಂತಪ್ಪ ಚಹಾ ಕುಡಿಯುವ ಮೊದಲು ಹಿತ್ತಲಿಗೆ ಬರುತ್ತಿದ್ದ. ಒಬ್ಬೊಬ್ಬರನ್ನೂ ವಿಚಾರಿಸುತ್ತಿದ್ದ. ಭುಜ ಹೇಗಿದೆ, ಕಾಲು ಹೇಗಿದೆ, ಬಿಸಿನೀರಿನ ಶಾಖ ಕೊಟ್ಟೆಯಾ, ರಬ್ಬರ್ ಪಟ್ಟಿ ಎಳೆದೆಯಾ. ಸ್ವಂತ ಮಗನನ್ನು ಕೇಳಿದಂತೆ ಕೇಳುತ್ತಿದ್ದ. ಆ ಅಕ್ಕರೆ ಸುಳ್ಳಲ್ಲ. ನಾಟಕವಾಗಿದ್ದರೆ ಈ ಕಥೆ ನಿಮಗೆ ಹೇಳುವ ಅಗತ್ಯವೇ ಇರಲಿಲ್ಲ.

ಮೂವರಲ್ಲಿ ಇನ್ನೊಬ್ಬ ಲಾಲಸಾಬ, ಮೊಣಕಾಲಿನವನು. ನಗುಮುಖದ ಹುಡುಗ, ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುವವನು. ಒಂದು ಬೆಳಿಗ್ಗೆ ಮಹಾಂತಪ್ಪ ಕೇಳಿದಾಗ ಅವನು ಇದ್ದದ್ದನ್ನು ಇದ್ದಂತೆ ಹೇಳಿದ. ಮೆಟ್ಟಿಲಿಳಿಯುವಾಗ ಚುಚ್ಚುತ್ತದೆ, ನಿನ್ನೆ ಓಡಿದ ಮೇಲೆ ಊದಿಕೊಂಡಿದೆ ಎಂದ. ಮಹಾಂತಪ್ಪ ಮರುಕಪಟ್ಟ. ಡಾಕ್ಟರನ್ನು ಕರೆಸಿದ. ಈ ಸಲದ ಪಂದ್ಯಗಳಿಗೆ ಆಗುವುದಿಲ್ಲ ಎಂದು ಡಾಕ್ಟರ್ ಹೇಳಿದರು. ಮುಂದಿನ ವಾರ ಲಾಲಸಾಬನಿಗೆ ಶಾಲು, ತೆಂಗಿನಕಾಯಿ. ಹಿತ್ತಲಿನ ಬಾಗಿಲಲ್ಲಿ ನಿಂತು ಎಲ್ಲರೂ ಅವನನ್ನು ಕಳಿಸಿಕೊಟ್ಟರು. ಫಕ್ಕೀರೇಶ ಅವನ ಬ್ಯಾಗನ್ನು ಬಸ್ ನಿಲ್ದಾಣದವರೆಗೆ ಹೊತ್ತುಕೊಂಡು ಹೋಗಿ ಬಂದ.

ಮರುದಿನ ಮಹಾಂತಪ್ಪ ಎಂದಿನಂತೆ ಬಂದು ಭುಜ ಹೇಗಿದೆ ಎಂದು ಕೇಳಿದ. ಫಕ್ಕೀರೇಶ ನಕ್ಕು, ಮೊದಲಿಗಿಂತ ಬಹಳ ಚೆನ್ನಾಗಿದೆ ಎಂದ. ಅಲ್ಲಿಯವರೆಗೆ ಆರಾಮ ಎಂದಷ್ಟೇ ಹೇಳುತ್ತಿದ್ದವನು ಅಂದಿನಿಂದ ನಗಲೂ ಕಲಿತ. ಮಹಾಂತಪ್ಪನಿಗೆ ಸಂತೋಷವಾಯಿತು. ಮನೆಗೆ ಬಂದು ಹೆಂಡತಿಗೆ, ಹುಡುಗ ಹೊಂದಿಕೊಂಡ ನೋಡು ಎಂದ.

ನಿಮಗೆ ಅರ್ಥವಾಯಿತು. ಅವನಿಗೆ ಆಗಲಿಲ್ಲ. ಯಾಕೆಂದರೆ ನೀವು ಹೊರಗೆ ಕೂತು ಕೇಳುತ್ತಿದ್ದೀರಿ, ಅವನು ಒಳಗಿದ್ದ.

ಪಂದ್ಯಗಳು ಶುರುವಾದವು. ಇನ್ನಷ್ಟು ದಿನ ಸುಮ್ಮನೆ ಇರಲಿ, ಅವಸರ ಬೇಡ ಎಂದು ವಿನ್ಸೆಂಟ್ ಹೇಳಿ ನೋಡಿದರು. ಹುಡುಗನೇ ಆರಾಮ ಎನ್ನುತ್ತಿದ್ದಾನಲ್ಲ ಎಂದು ಮಹಾಂತಪ್ಪ. ಹುಡುಗನನ್ನು ಕೇಳಿದರೆ ಅವನೂ ಹೌದೆಂದು ತಲೆಯಾಡಿಸಿದ. ವಿನ್ಸೆಂಟ್ ಅವನ ಹೆಸರನ್ನು ಪಟ್ಟಿಗೆ ಸೇರಿಸಿದರು. ಫಕ್ಕೀರೇಶ ಆಡಿದ. ಆಡಿದ ಅಂದರೆ ಎಂಥ ಆಟ! ಊರಿಗೆ ಊರೇ ಮೈದಾನದ ಸುತ್ತ ಸೇರಿತು. ಅವನು ಓಡಿ ಬರುತ್ತಿದ್ದರೆ ಎದುರು ತಂಡದ ಬ್ಯಾಟ್ಸ್‌ಮನ್ನುಗಳು ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಳ್ಳುತ್ತಿದ್ದರು. ಪಂದ್ಯದ ಮೇಲೆ ಪಂದ್ಯ ಗೆದ್ದರು. ಸೆಮಿಫೈನಲ್ ಗೆದ್ದರು. ಫೈನಲ್ಲಿಗೆ ಬಂದರು. ಮುಂದಿನ ವರ್ಷ ಇವನನ್ನು ನಮಗೆ ಕೊಡುತ್ತೀರಾ ಎಂದು ಹೊರಗಿನ ತಂಡವೊಂದರಿಂದ ಆಗಲೇ ಫೋನು ಬಂದಿತ್ತು.

ಫೈನಲ್ಲಿನ ಹಿಂದಿನ ದಿನ. ಮಧ್ಯಾಹ್ನದ ಊಟವಾದ ಮೇಲೆ ನೀಲವ್ವ ಗಂಡನ ಹತ್ತಿರ ಬಂದು ನಿಂತಳು.

"ಆ ಫಕ್ಕೀರೇಶ ಉಣ್ಣೋದು ನೋಡೀರೇನು? ಕೈ ಮ್ಯಾಲ ಬರವಲ್ದು. ಬಾಯೇ ತಾಟಿಗೆ ಹೋಗಾಕತ್ತೈತಿ."

ಕೈ ಮೇಲೇಳುತ್ತಿಲ್ಲ, ಬಾಯನ್ನೇ ತಟ್ಟೆಗೆ ಬಗ್ಗಿಸಿ ಉಣ್ಣುತ್ತಿದ್ದಾನೆ ಎಂದಳು. ಮಹಾಂತಪ್ಪ ಆಗಲೇ ಎದ್ದು ಹಿತ್ತಲಿಗೆ ಹೋದ. ಇದನ್ನು ನೀವು ನೆನಪಿಡಬೇಕು, ಅವನು ಹೋಗದೆ ಇರಲಿಲ್ಲ. ಹೋದ. ಫಕ್ಕೀರೇಶ ಮಂಚದ ಮೇಲೆ ಮಲಗಿದ್ದವನು ಎದ್ದು ನಿಂತ. ನೀಲವ್ವ ಹೀಗೆ ಹೇಳಿದಳು, ನಿಜವೇ ಎಂದು ಮಹಾಂತಪ್ಪ ಕೇಳಿದ. ಅವ್ವಾರಿಗೆ ಹಾಗೆ ಕಂಡಿರಬೇಕು, ನಿನ್ನೆ ಸ್ವಲ್ಪ ಹೆಚ್ಚು ಎಸೆದೆ, ಬಿಗಿದುಕೊಂಡಿದೆ, ಅಷ್ಟೇ ಎಂದು ಅವನು ಹೇಳಿದ. ಹೇಳಿ, ಕೈಯನ್ನು ತಲೆಯ ಮೇಲಕ್ಕೆ ಎತ್ತಿ ತೋರಿಸಿದ. ಎತ್ತುವಾಗ ಮುಖದ ಮೇಲೆ ನಗು ಹಾಗೇ ಇತ್ತು. ಹಣೆಯ ಮೇಲೆ ಮಾತ್ರ ಬೆವರು ಮೂಡಿತು. ಮಹಾಂತಪ್ಪ ಕೈಯನ್ನು ನೋಡಿದ, ಬೆವರನ್ನೂ ನೋಡಿದ. ಸೆಖೆ ಎಂದುಕೊಂಡ.

ಕೇಳಿದ. ಉತ್ತರ ಬಂತು. ನಂಬಿದ. ಇದರಲ್ಲಿ ತಪ್ಪೆಲ್ಲಿದೆ, ಹೇಳಿ? ನಂಬದೆ ಇದ್ದಿದ್ದರೆ ಮರುದಿನ ಫೈನಲ್ಲಿಗೆ ಬೌಲರ್ ಇರುತ್ತಿರಲಿಲ್ಲ. ನಂಬಿದರೆ ಇರುತ್ತಾನೆ. ಹೀಗಿರುವಾಗ ನಮ್ಮ ಮನಸ್ಸು ಯಾವುದನ್ನು ನಂಬುತ್ತದೆ? ನೀವೇ ನಿಮ್ಮ ಎದೆ ಮುಟ್ಟಿಕೊಂಡು ನೋಡಿ.

ಫೈನಲ್ಲಿನ ದಿನ ಎರಡನೆಯ ಓವರ್. ಫಕ್ಕೀರೇಶ ಓಡಿ ಬಂದ, ಎಸೆದ. ಚೆಂಡು ವಿಕೆಟ್ ಕೀಪರನ ತಲೆಯ ಮೇಲಿಂದ ಎಲ್ಲಿಗೋ ಹಾರಿಹೋಯಿತು. ಜನ ಗೊಳ್ಳೆಂದು ನಕ್ಕರು. ಆಮೇಲೆ ನಗು ನಿಂತಿತು. ಫಕ್ಕೀರೇಶ ಬಲಗೈಯನ್ನು ಎಡಗೈಯಿಂದ ಎದೆಗೆ ಒತ್ತಿ ಹಿಡಿದುಕೊಂಡು ನಿಂತಿದ್ದ. ಕೂಗಲಿಲ್ಲ, ಬೀಳಲಿಲ್ಲ. ಹಾಗೇ ಮೈದಾನದ ಅಂಚಿನವರೆಗೆ ನಡೆದುಕೊಂಡು ಬಂದು, ಮಹಾಂತಪ್ಪ ಕೂತಿದ್ದ ಶಾಮಿಯಾನದ ಮುಂದೆ ತಲೆ ತಗ್ಗಿಸಿ, ತನ್ನಿಂದ ತಪ್ಪಾಯಿತು ಎಂದ.

ತಪ್ಪಾಯಿತು ಎಂದ ಕಣ್ರಪ್ಪಾ! ಭುಜ ಹರಿದುಕೊಂಡವನು ಕ್ಷಮೆ ಕೇಳಿದ.

ಮಹಾಂತಪ್ಪ ಪಂದ್ಯ ಬಿಟ್ಟು ಅವನನ್ನು ತನ್ನ ಕಾರಿನಲ್ಲೇ ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಚಿತ್ರ ತೆಗೆಸಿ ನೋಡಿದರು. ಇದು ಇವತ್ತು ಒಂದೇ ದಿನದಲ್ಲಿ ಹರಿದದ್ದಲ್ಲ, ಹಲವು ವಾರಗಳಿಂದ ಸ್ವಲ್ಪ ಸ್ವಲ್ಪವೇ ಹರಿಯುತ್ತ ಬಂದಿದೆ, ಇಷ್ಟು ದಿನ ಈ ನೋವನ್ನು ಹೇಗೆ ತಡೆದುಕೊಂಡ ಎಂದು ಮಹಾಂತಪ್ಪನನ್ನೇ ಕೇಳಿದರು. ಮತ್ತೆ ಆಪರೇಷನ್ ಬೇಕು, ಆಮೇಲೂ ಕೈ ಊಟಕ್ಕೆ ಬಂದೀತು, ಚೆಂಡಿಗೆ ಬರುವುದಿಲ್ಲ ಎಂದರು. ಅಷ್ಟರಲ್ಲಿ ಮಹಾಂತಪ್ಪನ ಫೋನು ಬಡಿಯತೊಡಗಿತು. ಉಳಿದ ಹುಡುಗರು ಹೇಗೋ ಗೆದ್ದಿದ್ದರು. ಕಪ್ ಬಂದಿತ್ತು. ಹಿಂದೆ ಪಟಾಕಿಯ ಸದ್ದು ಕೇಳುತ್ತಿತ್ತು. ಅವನು ಫೋನನ್ನು ಆಫ್ ಮಾಡಿ ಜೇಬಿಗೆ ಹಾಕಿಕೊಂಡ.

ವಾರ್ಡಿನಲ್ಲಿ ಫಕ್ಕೀರೇಶನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತ. ಕೇಳಿದ.

"ದಿನಾ ಮುಂಜಾನೆ ಬಂದು ಕೇಳ್ತಿದ್ನೆಲ್ಲೋ. ಯಾಕ ಒಮ್ಮೆರ ಹೇಳಲಿಲ್ಲ?"

"ಹೇಳಿದ್ರ ಕಳಸ್ತಿದ್ರಿ."

ಹಾಗೇನಿಲ್ಲ ಎನ್ನಲು ಮಹಾಂತಪ್ಪ ಹೊರಟ. ಅವನ ಮುಖ ನೋಡಿ ಫಕ್ಕೀರೇಶನಿಗೇ ಪಾಪ ಎನಿಸಿರಬೇಕು. ಮೆಲ್ಲಗೆ ಹೇಳಿದ.

"ನೀವು ಕೆಟ್ಟವರಲ್ರಿ ಸಾವಕಾರ್ರ. ಆದ್ರ ಕಳಸ್ತಿದ್ರಿ."

ಇದಕ್ಕೆ ಏನೆಂದು ಉತ್ತರ ಕೊಡುತ್ತೀರಿ? ಸುಳ್ಳೆಂದು ಹೇಳೋಣವೆಂದರೆ ಲಾಲಸಾಬ ಇದ್ದಾನೆ. ಅವನಿಗಿಂತ ಹಿಂದಿನ ವರ್ಷ ಹೋದವರಿದ್ದಾರೆ, ಅದರ ಹಿಂದಿನವರಿದ್ದಾರೆ. ಅಲ್ಲಿ ಕೂತು ಅವರ ಮುಖಗಳನ್ನು ನೆನಪಿಗೆ ತರಲು ನೋಡಿದ. ಒಬ್ಬಿಬ್ಬರದು ಬಂತು, ಹೆಸರುಗಳು ಬರಲಿಲ್ಲ. ಕೆಟ್ಟ ಯಂತ್ರಕ್ಕೆ ನಾಲಿಗೆ ಇಲ್ಲ, ಅದು ಸುಳ್ಳು ಹೇಳುವುದಿಲ್ಲ. ಮನುಷ್ಯನಿಗೆ ನಾಲಿಗೆ ಇದೆ, ಜೊತೆಗೆ ಹೊಟ್ಟೆಯೂ ಇದೆ. ಇಷ್ಟು ವರ್ಷ ತಾನು ದಿನ ಬೆಳಗಾದರೆ ಕೇಳಿದ್ದು ಪ್ರಶ್ನೆಯೇ ಅಲ್ಲ, ಅದರಲ್ಲಿ ಒಂದೇ ಉತ್ತರಕ್ಕೆ ಜಾಗ ಇತ್ತು ಎಂಬುದು ಅವನಿಗೆ ಆ ಸ್ಟೂಲಿನ ಮೇಲೆ ಹೊಳೆಯಿತು.

ಮರುದಿನ ಸಂಜೆ ಮನೆಗೆ ಬಂದ. ಪಡಸಾಲೆಯಲ್ಲಿ ಕಪ್ ಇತ್ತು, ಅದಕ್ಕೆ ಯಾರೋ ಹಾರ ಹಾಕಿದ್ದರು. ನೀಲವ್ವ ಚಹಾ ತಂದಳು. ನಡೆದದ್ದನ್ನೆಲ್ಲ ಅವನು ಹೇಳಿದ. ಡಾಕ್ಟರು ಹೇಳಿದ್ದು, ಫಕ್ಕೀರೇಶ ಹೇಳಿದ್ದು. ನಾನು ಅಷ್ಟು ಹೆದರಿಕೆ ಹುಟ್ಟಿಸುವ ಮನುಷ್ಯನೇನೇ ಎಂದು ಕೇಳಿದ. ಅಲ್ಲ ಎನ್ನುತ್ತಾಳೆಂದು ಕಾದ. ಅವಳು ಅನ್ನಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. ಆಮೇಲೆ ಹೇಳಿದಳು.

"ನನಗೂ ಮೊಣಕಾಲ ನೋಯ್ತಾವ್ರಿ. ವರ್ಷದ ಮ್ಯಾಲಾತು."

ಮಹಾಂತಪ್ಪ ತಲೆಯೆತ್ತಿ ನೋಡಿದ. ಅವಳು ಕುರ್ಚಿಯ ಮೇಲೆ ಕೂತಿದ್ದಳು. ಮೊದಲೆಲ್ಲ ಅವಳು ಅವನೆದುರು ನೆಲದ ಮೇಲೆ ಚಾಪೆ ಹಾಕಿಕೊಂಡು ಕೂರುವವಳು. ಯಾವಾಗ ಕುರ್ಚಿಗೆ ಬಂದಳು? ರೊಟ್ಟಿ ಬಡಿಯಲು ಕಟ್ಟೆಯ ಹತ್ತಿರ ಎತ್ತರದ ಸ್ಟೂಲು ಮಾಡಿಸಿದ್ದಳಲ್ಲ, ಅದು ಯಾಕೆ? ಶೇಂಗಾ ಒಣಹಾಕಲು ಮಾಳಿಗೆಗೆ ಅವಳೇ ಹತ್ತುತ್ತಿದ್ದಳು, ಈಗ ಕೆಲಸದವಳನ್ನು ಕಳಿಸುತ್ತಾಳೆ. ಇದೆಲ್ಲ ಅವನ ಕಣ್ಣೆದುರಿಗೇ ನಡೆದಿತ್ತು. ಊರೂರಿನ ಹುಡುಗರ ಭುಜ, ಬೆನ್ನು, ಮೊಣಕಾಲುಗಳನ್ನೆಲ್ಲ ದಿನ ಬೆಳಗಾದರೆ ಹೋಗಿ ವಿಚಾರಿಸುತ್ತಿದ್ದ ಮನುಷ್ಯ!

ಯಾಕೆ ಹೇಳಲಿಲ್ಲ ಎಂದು ಕೇಳಿದ. ಎರಡು ದಿನಗಳಲ್ಲಿ ಆ ಪ್ರಶ್ನೆ ಕೇಳಿದ್ದು ಎರಡನೆಯ ಸಲ. ಹಿಂದೊಮ್ಮೆ ಸೊಂಟನೋವು ಬಂದಾಗ ಹೇಳಿದ್ದೆನಲ್ಲ, ಆಗ ನೀವು ಏನಂದಿರಿ ನೆನಪಿದೆಯೇ ಎಂದು ಅವಳು ಕೇಳಿದಳು. ಅವನಿಗೆ ನೆನಪಿರಲಿಲ್ಲ. ಅವಳಿಗೆ ಇತ್ತು.

"ನಾಳೆ ಮಂದಿ ಬರಾವ್ರದಾರಲ್ಲ, ಅಡಗಿ ಹೆಂಗ ಅಂದ್ರಿ. ಸಿಟ್ಟಿಲೆ ಅಂದಿಲ್ಲ, ಚಿಂತಿ ಮಾಡೇ ಅಂದ್ರಿ. ನಾ ಎದ್ದು ಅಡಗಿಗೆ ಹೋದ್ನಿ."

ಅಷ್ಟೇ ಹೇಳಿದಳು. ಅಳಲಿಲ್ಲ, ದೂರಲಿಲ್ಲ. ಚಹಾದ ಕಪ್ಪು ತೆಗೆದುಕೊಂಡು ಏಳಲು ಹೋದಳು. ಏಳುವಾಗ ಕುರ್ಚಿಯ ಕೈಗಳನ್ನು ಒತ್ತಿ ಹಿಡಿದಳು. ಮಹಾಂತಪ್ಪ ಅವಳ ಕೈಯಿಂದ ಕಪ್ಪು ತೆಗೆದುಕೊಂಡು, ನೀ ಕೂಡು ಎಂದು ತಾನೇ ಒಳಗೆ ಹೋಗಿ ಇಟ್ಟು ಬಂದ. ಆಮೇಲೆ ಅವಳ ಕಾಲ ಹತ್ತಿರ ನೆಲದ ಮೇಲೆ ಕೂತು, ಎಲ್ಲಿ ನೋಯುತ್ತದೆ, ಯಾವಾಗ ನೋಯುತ್ತದೆ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿದ. ಅವಳು ಮೊದಲು ನಾಚಿಕೊಂಡಳು. ಆಮೇಲೆ ಹೇಳಿದಳು. ಹೇಳುತ್ತ ಹೋದಳು. ವರ್ಷದಿಂದ ಕೂಡಿಟ್ಟದ್ದು ಬೇಗ ಮುಗಿಯುತ್ತದೆಯೇ?

ಮುಂದೆ ಏನಾಯಿತು? ನೀಲವ್ವನಿಗೆ ಔಷಧ ಆಯಿತು, ತಕ್ಕಮಟ್ಟಿಗೆ ಗುಣವೂ ಆಯಿತು. ಫಕ್ಕೀರೇಶನಿಗೆ ಎರಡನೆಯ ಆಪರೇಷನ್ ಮಾಡಿಸಿ, ಹಿತ್ತಲಿನ ಅದೇ ಕೋಣೆಯಲ್ಲಿ ಇಟ್ಟುಕೊಂಡು ನೋಡಿಕೊಂಡರು. ಕೈ ಬಾಯಿಗೆ ಬಂತು, ತಲೆ ಬಾಚಲು ಬಂತು, ಅದಕ್ಕಿಂತ ಮೇಲೆ ಬರಲಿಲ್ಲ. ತಂಡದಲ್ಲೇ ಏನಾದರೂ ಕೆಲಸ ಮಾಡಿಕೊಂಡು ಇರು ಎಂದು ಮಹಾಂತಪ್ಪ ಬಹಳ ಹೇಳಿದ. ದಿನವೂ ಮೈದಾನ ನೋಡಿಕೊಂಡು ಇರಲು ತನ್ನಿಂದಾಗದು ಎಂದು ಅವನು ಹೇಳಿದ. ಅಕ್ಕನ ಊರಿಗೆ ಹೋಗಿ ಗೂಡ್ಸ್ ಗಾಡಿ ಓಡಿಸತೊಡಗಿದ. ಮಹಾಂತಪ್ಪ ಲಾಲಸಾಬನ ಮನೆಗೂ ಹೋದ. ಅವನು ದುಡಿಯಲು ಗೋವಾಕ್ಕೆ ಹೋಗಿದ್ದ, ಸಿಗಲಿಲ್ಲ. ನೋಡಿ, ಇಲ್ಲಿ ನಾನು ಸಿಹಿ ಮಾತು ಹೇಳುವುದಿಲ್ಲ. ಸಾವುಕಾರನ ಕಣ್ಣು ತೆರೆಯಿತು ಎಂದು ಫಕ್ಕೀರೇಶನ ಭುಜ ಮರಳಿ ಬರಲಿಲ್ಲ. ನಮಗೆ ಬುದ್ಧಿ ಬರುವುದಕ್ಕೆ ಯಾರೋ ಒಬ್ಬರು ತಮ್ಮ ಮೈಯನ್ನು ತೆರಬೇಕಾಗುತ್ತದೆ. ಬುದ್ಧಿ ಬರುವುದು ತಡವಾದಷ್ಟೂ ಅವರು ತೆರುವುದು ಹೆಚ್ಚು.

ಆದರೂ ಅವನು ಬದಲಾದ. ಪೆಟ್ಟಾದವರನ್ನು ತರುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಅವರನ್ನು ಕೇಳುವವರೇ ಇರುತ್ತಿರಲಿಲ್ಲ. ಆದರೆ ಮುಂದಿನ ವರ್ಷದಿಂದ ಬಂದವರಿಗೆ ಮೊದಲ ದಿನವೇ ಒಂದು ಮಾತು ಹೇಳುತ್ತಿದ್ದ. ಎರಡು ಹಂಗಾಮು ನೀನು ಇಲ್ಲಿರುತ್ತೀಯ, ಚೆಂಡು ಎಸೆದರೂ ಅಷ್ಟೇ, ಎಸೆಯದಿದ್ದರೂ ಅಷ್ಟೇ, ಊಟವೂ ಅದೇ, ಸಂಬಳವೂ ಅದೇ. ಮೊದಮೊದಲು ಯಾರೂ ನಂಬಲಿಲ್ಲ. ಸಾವುಕಾರರು ಏನೇನೋ ಹೇಳುತ್ತಾರೆ ಎಂದುಕೊಂಡರು. ಒಬ್ಬ ಹುಡುಗ ಇಡೀ ಹಂಗಾಮು ಒಂದೂ ಪಂದ್ಯ ಆಡದೆ, ಆದರೂ ಹಿತ್ತಲಿನಲ್ಲೇ ಉಳಿದದ್ದನ್ನು ಕಣ್ಣಾರೆ ನೋಡಿದ ಮೇಲೆ ನಂಬಿದರು. ತಂಡ ಆ ವರ್ಷ ಕೊನೆಯಿಂದ ಎರಡನೆಯದಾಗಿ ಬಂತು. ಪತ್ರಿಕೆಯವರು ಬರಲಿಲ್ಲ. ಸಾವುಕಾರನಿಗೆ ಮೊದಲಿನ ಚುರುಕು ಉಳಿದಿಲ್ಲ ಎಂದು ಪೇಟೆಯಲ್ಲಿ ಮಾತಾಯಿತು.

ಒಂದು ಬೆಳಿಗ್ಗೆ ಅವನು ಹಿತ್ತಲಿಗೆ ಬಂದಾಗ ಹೊಸ ಬೌಲರ್ ಒಬ್ಬ ಕಟ್ಟೆಯ ಮೇಲೆ ಕೂತಿದ್ದ. ಮಹಾಂತಪ್ಪ ಇನ್ನೂ ಏನೂ ಕೇಳಿರಲಿಲ್ಲ. ಅವನೇ, ಇವತ್ತು ಮೊಣಕೈ ಬಹಳ ನೋಯುತ್ತಿದೆ, ಅಭ್ಯಾಸಕ್ಕೆ ಬರುವುದಿಲ್ಲ ಎಂದ. ಮಹಾಂತಪ್ಪ ಅವನ ಪಕ್ಕ ಕೂತ. ಒಳಗೆ ಕೂಗಿ ಬಿಸಿನೀರಿನ ಚೀಲ ತರಿಸಿದ. ಅಷ್ಟರಲ್ಲಿ ವಿನ್ಸೆಂಟ್ ಬಂದು, ಭಾನುವಾರದ ಪಂದ್ಯಕ್ಕೆ ಹಾಗಾದರೆ ಯಾರು ಎಂದು ಕೇಳಿದರು. ಯಾರಾದರೂ ಎಸೆಯುತ್ತಾರೆ, ಇಲ್ಲದಿದ್ದರೆ ಸೋಲುತ್ತೇವೆ ಎಂದು ಮಹಾಂತಪ್ಪ ಹೇಳಿದ. ಹೇಳುವಾಗ ಅವನ ಮುಖದಲ್ಲಿದ್ದ ಸಂತೋಷ ಕಪ್ ಗೆದ್ದಾಗಲೂ ಇರಲಿಲ್ಲವಂತೆ.

ಕಥೆ ಮುಗಿಯಿತು. ಇನ್ನು ನಿಮ್ಮ ಮನೆಗೆ ಹೋಗೋಣ.

ನಮಗೆ ಯಾವ ತಂಡ, ಯಾವ ಬೌಲರು, ನಾವೇನು ಸಾವುಕಾರರೇ ಎನ್ನುತ್ತೀರಿ. ಪಾತ್ರೆ ತೊಳೆಯಲು ಬರುವ ಕೆಲಸದವಳು ಇದ್ದಾಳಲ್ಲ? ಪಾಪ, ಗಂಡ ಇಲ್ಲ, ಎಲ್ಲೂ ಕೆಲಸ ಸಿಗಲಿಲ್ಲ, ನಾವು ಇಟ್ಟುಕೊಂಡೆವು ಎಂದು ಹೇಳಿಕೊಳ್ಳುತ್ತೀರಿ. ಇಟ್ಟುಕೊಂಡದ್ದು ಒಳ್ಳೆಯದೇ. ಬೇರೆಯವರಿಗಿಂತ ಕಡಿಮೆಗೆ ಬಂದಳಲ್ಲ, ಅದನ್ನು ಹೇಳುವುದಿಲ್ಲ! ಅವಳು ಒಂದು ದಿನ ಜ್ವರ ಎಂದು ಹೇಳಿ ಕಳಿಸಿದರೆ ನಿಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು? ಅಂಗಡಿಯಲ್ಲಿ ಕೆಲಸಕ್ಕಿರುವವನು ಸೊಂಟ ಹಿಡಿದಿದೆ ಎಂದರೆ ಮೊದಲ ಮಾತು ಯಾವುದು? ಮಗಳು ತಲೆನೋವು ಎಂದರೆ, ನಾಳೆ ಪರೀಕ್ಷೆ ಇದೆಯಲ್ಲ ಎನ್ನುತ್ತೀರೋ ಇಲ್ಲವೋ? ಸೊಸೆ ಇವತ್ತು ಆಗುತ್ತಿಲ್ಲ ಅತ್ತೆ ಎಂದರೆ? ಅತ್ತೆ ಆಗುತ್ತಿಲ್ಲಮ್ಮಾ ಎಂದರೆ? ಯಾಕೆ, ಸೊಸೆಯಂದಿರು ತಲೆ ತಗ್ಗಿಸಿದಿರಿ?

ನಾವು ಬೈಯುವುದಿಲ್ಲ. ನಾವು ಒಳ್ಳೆಯವರು. ಅಡುಗೆ ಹೇಗೆ ಎನ್ನುತ್ತೇವೆ, ಅಷ್ಟೇ. ಅಷ್ಟೇ ಸಾಕು. ಕೇಳಿದವರು ಎದ್ದು ಅಡುಗೆಗೆ ಹೋಗುತ್ತಾರೆ. ಮತ್ತೆಂದೂ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಆರಾಮ ಎಂದು ನಾವು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇವೆ.

ನಾಳೆ ಬೆಳಿಗ್ಗೆಯಿಂದ ಒಂದು ಕೆಲಸ ಮಾಡಿ. ದೊಡ್ಡ ವ್ರತವಲ್ಲ, ಉಪವಾಸವಲ್ಲ. ಮನೆಯಲ್ಲಾಗಲಿ, ಅಂಗಡಿಯಲ್ಲಾಗಲಿ, ಯಾರೇ ನೋಯುತ್ತಿದೆ ಎಂದರೆ ನಿಮ್ಮ ಮೊದಲ ಮಾತು 'ಕೂತುಕೋ, ಎಲ್ಲಿ ನೋಯುತ್ತಿದೆ' ಎಂದಿರಲಿ. ಕೆಲಸದ ಮಾತು ಎರಡನೆಯದಾಗಿ ಬರಲಿ, ಮೂರನೆಯದಾಗಿ ಬರಲಿ, ಬಾರದಿದ್ದರೂ ನಡೆಯುತ್ತದೆ. ಕೆಲಸದವಳು ಜ್ವರದಿಂದ ತಪ್ಪಿಸಿದ ದಿನದ ಸಂಬಳ ಹಿಡಿಯಬೇಡಿ. ಹಿಡಿದರೆ ಮುಂದಿನ ಸಲ ಅವಳು ಜ್ವರದಲ್ಲೇ ಬಂದು ನಿಮ್ಮ ತಟ್ಟೆ ತೊಳೆಯುತ್ತಾಳೆ, ಆರಾಮ ಐತ್ರಿ ಅನ್ನುತ್ತಾಳೆ, ನೀವು ನಂಬುತ್ತೀರಿ. ಇನ್ನು ಬಾಯಿ ಬಿಟ್ಟು ಹೇಳದವರನ್ನು ಹುಡುಕಿ. ನಿಮ್ಮ ಮನೆಯಲ್ಲಿ ಯಾರು ಚಾಪೆ ಬಿಟ್ಟು ಕುರ್ಚಿಗೆ ಬಂದಿದ್ದಾರೆ? ಯಾರು ಮೆಟ್ಟಿಲು ಹತ್ತುವುದು ಬಿಟ್ಟಿದ್ದಾರೆ? ಅವರ ಹತ್ತಿರ ಹೋಗಿ ಕೂತು ಕೇಳಿ. ಕೇಳಿದ ಮೇಲೆ, ಇದೆ ಎಂಬ ಉತ್ತರ ಬಂದರೆ ಅದಕ್ಕೆ ತಯಾರಾಗಿ ಕೇಳಿ.

ಇನ್ನು ಪ್ರಸಾದ. ಹೊರಗೆ ಸಾಲು ಉದ್ದ ಇದೆ, ಬಹಳ ಹೊತ್ತು ನಿಲ್ಲಬೇಕು. ಕಾಲು ನೋಯುವವರು ಯಾರಾದರೂ ಇದ್ದರೆ ಕೈ ಎತ್ತಿ. ನಮ್ಮ ಕಾರ್ಯಕರ್ತರು ಕೂತಲ್ಲಿಗೇ ತಂದುಕೊಡುತ್ತಾರೆ.

ಯಾರೂ ಇಲ್ಲವೇ? ಇಷ್ಟು ಜನರಲ್ಲಿ ಒಬ್ಬರ ಕಾಲೂ ನೋಯುವುದಿಲ್ಲವೇ?

ಪಕ್ಕದವರ ಮುಖ ನೋಡಬೇಡಿ. ಇಲ್ಲಿ ಯಾರೂ ಯಾರನ್ನೂ ಕಳಿಸುವುದಿಲ್ಲ.

ಹಾಂ, ಅಲ್ಲಿ ಕಂಬದ ಹತ್ತಿರ ಒಬ್ಬ ತಾಯಿ. ಅವರ ಹಿಂದೆ ಇನ್ನೊಬ್ಬರು. ಆ ಕಡೆ ಗಂಡಸರಲ್ಲಿ ಒಬ್ಬರು ಅರ್ಧ ಎತ್ತಿದ್ದಾರೆ, ಪೂರ್ತಿ ಎತ್ತಿ ಅಪ್ಪಾ, ನಾಚಿಕೆ ಏನು. ಇಲ್ಲಿ ಮುಂದೆ ಇಬ್ಬರು. ಅಗೋ, ಬಾಗಿಲ ಹತ್ತಿರ ನಾಲ್ಕೈದು ಕೈಗಳು.

ಕೂತಿರಿ ತಾಯಿ, ನೀವು ಏಳಬೇಡಿ. ಅವರು ಬರುತ್ತಾರೆ.